ಕಾದ ಮೇಲೆ ಚಾಲೂ ಆಗದ ಡೀಸೆಲ್ ಗಾಡಿ

ಕಲಬುರಗಿ ಸೀಮೆಯಲ್ಲಿ ಏಪ್ರಿಲ್ ಬಂತೆಂದರೆ ಸರ್ಕಾರಿ ಕಚೇರಿಗಳ ವೇಳೆಯೇ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಅದೇ ಹೊತ್ತಿಗೆ ಸೇಡಂ ಬಸ್ ನಿಲ್ದಾಣದ ಹೊರಗೆ, ವಾಡಿ ಜಂಕ್ಷನ್ನಿನ ಎದುರು, ಚಿತ್ತಾಪುರದ ಕಚೇರಿಗಳ ಆಸುಪಾಸಿನಲ್ಲಿ ಬಾನೆಟ್ ಎತ್ತಿ ನಿಂತ ಗಾಡಿಗಳು ಕಣ್ಣಿಗೆ ಬೀಳುತ್ತವೆ. ಚಾಲಕರನ್ನು ಕೇಳಿದರೆ ಬಹುಪಾಲು ಒಂದೇ ದೂರು. "ಥಂಡಿ ಇದ್ದಾಗ ಒಂದೇ ಸೆಲ್ಫಿಗಿ ಚಾಲೂ ಆಗ್ತದ್ರಿ. ಕಾದ ಮ್ಯಾಲ ಎಷ್ಟ್ ಸೆಲ್ಫ್ ಹೊಡದ್ರೂ ಆಗಂಗಿಲ್ಲ. ತಾಸ್ ಬಿಟ್ಟು ಹೊಡದ್ರ ಏನೂ ಆಗೇ ಇಲ್ಲ ಅನ್ನೋಹಂಗ ಚಾಲೂ ಆಗ್ತದ."

ಈ ದೂರಿನ ಕೊನೆಯ ಮಾತೇ ಎಲ್ಲ ತೊಡಕಿನ ಮೂಲ. ಗಾಡಿಯನ್ನು ಎಳೆದುಕೊಂಡು ಕಲಬುರಗಿಯ ಗ್ಯಾರೇಜಿಗೆ ಮುಟ್ಟಿಸುವ ಹೊತ್ತಿಗೆ ಎಂಜಿನ್ ತಣ್ಣಗಾಗಿರುತ್ತದೆ. ಮಿಸ್ತ್ರಿ ಕೀಲಿ ತಿರುವಿದರೆ ತಕ್ಷಣ ಚಾಲೂ. "ಏನೂ ಇಲ್ಲಲ್ರಿ ಯಜಮಾನ್ರ" ಎಂದು ವಾಪಸ್ ಕಳಿಸುತ್ತಾನೆ, ಇಲ್ಲವೇ ಅಂದಾಜಿನ ಮೇಲೆ ಒಂದೊಂದೇ ಸಾಮಾನು ಬದಲಿಸುತ್ತ ಹೋಗುತ್ತಾನೆ. ಮೊದಲು ಬ್ಯಾಟರಿ, ಆಮೇಲೆ ಹೀಟರ್ ಪ್ಲಗ್, ಕೊನೆಗೆ ನಾಲ್ಕೂ ಇಂಜೆಕ್ಟರ್. ಚಿಂಚೋಳಿಗೆ ರೈಲಿಲ್ಲ; ಸುಲೇಪೇಟ, ಕುಂಚಾವರಂ ಕಡೆಯವರಿಗೆ ಆಸ್ಪತ್ರೆ, ಮದುವೆ, ಮಾರುಕಟ್ಟೆ ಎಲ್ಲಕ್ಕೂ ಈ ಗಾಡಿಗಳೇ ದಿಕ್ಕು. ಬಾಡಿಗೆಗೆ ಓಡಿಸುವ ಒಂದು ಬೊಲೆರೊ, ಒಂದು ಕ್ರೂಸರ್ ಮೇಲೆ ಇಡೀ ಮನೆಯ ಕಂತು, ಸಂತೆ, ಶಾಲೆಯ ಫೀಜು ನಿಂತಿರುತ್ತದೆ. ಅಂಥ ಮನೆಯ ಹಣ ಅಂದಾಜಿನ ರಿಪೇರಿಗೆ ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ. ಕಾದಾಗ ಕೈಕೊಡುವ ಗಾಡಿಯ ರೋಗವನ್ನು ಕಾದಾಗಲೇ ಹಿಡಿಯಬೇಕು. ಆ ಹೊತ್ತಿನಲ್ಲಿ ಗಾಡಿಯ ಹತ್ತಿರ ಇರುವವರು ಚಾಲಕರೇ ಹೊರತು ಮಿಸ್ತ್ರಿಯಲ್ಲ. ಆದ್ದರಿಂದ ಮೊದಲ ಪರೀಕ್ಷೆ ನಡೆಯಬೇಕಾದದ್ದು ರಸ್ತೆಯ ಬದಿಯಲ್ಲಿ, ಚಾಲಕರ ಕಣ್ಣು ಕಿವಿಗಳಿಂದ.

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಸಿಲಿಂಡರಿನೊಳಗೆ ಎಳೆದುಕೊಂಡ ಗಾಳಿಯನ್ನು ಹದಿನಾರನೇ ಒಂದು, ಹಳೆಯ ಎಂಜಿನ್ನಾದರೆ ಇಪ್ಪತ್ತನೇ ಒಂದು ಪಾಲಿಗೆ ಒತ್ತಿದಾಗ ಅದು 500 ಡಿಗ್ರಿಗೂ ಮೀರಿ ಕಾಯುತ್ತದೆ. ಆ ಗಾಳಿಗೆ ಸಿಂಪಡಿಸಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ಆಗ್ಸ್‌ಬರ್ಗಿನಲ್ಲಿ 1897ರಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಎಂಜಿನ್ನಿನ ತತ್ವ ಇಂದಿಗೂ ಇದೇ. ಈ ಲೆಕ್ಕದಲ್ಲಿ ಕಾದ ಎಂಜಿನ್ ತಣ್ಣಗಿನದಕ್ಕಿಂತ ಬೇಗ ಚಾಲೂ ಆಗಬೇಕು. ರಿಂಗು ಸವೆದು ಕಂಪ್ರೆಶನ್ ಇಳಿದ ಗಾಡಿ, ಹೀಟರ್ ಪ್ಲಗ್ ಸುಟ್ಟ ಗಾಡಿ ಹಟ ಮಾಡುವುದು ಡಿಸೆಂಬರಿನ ಬೆಳಗಿನಲ್ಲಿ. ಬೆಳಿಗ್ಗೆ ಸಲೀಸಾಗಿ ಚಾಲೂ ಆಗಿ ಮಧ್ಯಾಹ್ನ ಮಾತ್ರ ಕಾಡುವ ಗಾಡಿಗೆ ಹೀಟರ್ ಪ್ಲಗ್ ಬದಲಿಸಿದರೆ ಆ ದುಡ್ಡು ನೀರಿನಲ್ಲಿ ಹೋಮ. ಡೀಸೆಲ್ ಪೈಪಿನಲ್ಲಿ ಏರ್ ಹಿಡಿಯುವ ರೋಗವೂ ಸಾಮಾನ್ಯವಾಗಿ ರಾತ್ರಿಯಿಡೀ ನಿಂತ ಗಾಡಿಯನ್ನೇ ಕಾಡುತ್ತದೆ, ಏಕೆಂದರೆ ಡೀಸೆಲ್ ಹಿಂದಕ್ಕೆ ಟ್ಯಾಂಕಿಗೆ ಇಳಿದುಹೋಗಲು ಅದಕ್ಕೆ ಸಮಯ ಬೇಕು.

ಹಾಗಾದರೆ ಬಿಸಿ ಏನನ್ನು ಕೆಡಿಸುತ್ತದೆ?

ಗಾಡಿ ಓಡುತ್ತಿರುವಾಗ ರೇಡಿಯೇಟರಿನ ನೀರು ಸುತ್ತುತ್ತಿರುತ್ತದೆ, ಎದುರು ಗಾಳಿ ಬೀಸುತ್ತಿರುತ್ತದೆ, ಫ್ಯಾನ್ ತಿರುಗುತ್ತಿರುತ್ತದೆ. ಕೀಲಿ ತೆಗೆದ ಕ್ಷಣ ಈ ಮೂರೂ ನಿಲ್ಲುತ್ತವೆ. ಆದರೆ ಎಂಜಿನ್ನಿನ ಕಬ್ಬಿಣದಲ್ಲಿ, ಟರ್ಬೊದಲ್ಲಿ, ಹೊಗೆಯ ಪೈಪಿನಲ್ಲಿ ತುಂಬಿದ ಬಿಸಿ ಅಲ್ಲೇ ಇರುತ್ತದೆ. ಅದು ಪಕ್ಕದ ಡೀಸೆಲ್ ಪಂಪಿಗೆ, ಫಿಲ್ಟರಿಗೆ, ಸೆನ್ಸರ್‌ಗಳಿಗೆ, ಸೆಲ್ಫ್ ಮೋಟರಿಗೆ ಹರಡುತ್ತದೆ. ಹೀಗಾಗಿ ನಿಲ್ಲಿಸಿದ ಮೇಲೆ ಸುಮಾರು ಹತ್ತು ನಿಮಿಷದಿಂದ ಅರ್ಧ ತಾಸಿನವರೆಗೆ ಈ ಭಾಗಗಳು ಓಡುವಾಗಿನದಕ್ಕಿಂತಲೂ ಹೆಚ್ಚು ಕಾದಿರುತ್ತವೆ. ಹೊರಗೆ 43 ಡಿಗ್ರಿ ಇದ್ದು, ಶಹಾಬಾದಿನ ಫರಸಿ ಕಲ್ಲಿನ ಗಣಿಯಿಂದ ಮೊದಲ ಎರಡನೇ ಗೇರಿನಲ್ಲಿ ಏದುತ್ತ ಬಂದ ಗಾಡಿಯಾದರೆ ಕೇಳುವುದೇ ಬೇಡ. ಡೀಸೆಲ್ ಹಾಕಿಸಲು ಎರಡು ನಿಮಿಷ ನಿಲ್ಲಿಸಿದಾಗ ಚಾಲೂ ಆಗುವ ಗಾಡಿ ಚಹಾ ಕುಡಿದು ಬರುವಷ್ಟರಲ್ಲಿ ಹಟ ಹಿಡಿಯುವುದು, ಊಟ ಮುಗಿಸಿ ಒಂದು ನಿದ್ದೆ ತೆಗೆದು ಬಂದರೆ ಮತ್ತೆ ಚಾಲೂ ಆಗುವುದು ಇದರಿಂದಲೇ. ನಿಲ್ಲಿಸಿ ಎಷ್ಟು ಹೊತ್ತಾದ ಮೇಲೆ ಕಾಡುತ್ತದೆ ಎಂಬ ಒಂದೇ ಮಾತು ಮಿಸ್ತ್ರಿಗೆ ಅರ್ಧ ರೋಗ ಹೇಳುತ್ತದೆ.

ಈಗ ಡೀಸೆಲ್ ವಿಷಯ. ಕುಸುಬಿ ಎಣ್ಣೆ ಡಬ್ಬಿಯಲ್ಲಿದ್ದಾಗ ಮಂದವಾಗಿ ಸುರಿಯುತ್ತದೆ, ಕಡಾಯಿಯಲ್ಲಿ ಕಾದಾಗ ನೀರಿನಂತೆ ಓಡಾಡುತ್ತದೆ. ಡೀಸೆಲ್ಲಿಗೂ ಇದೇ ಗುಣ. ನಮ್ಮ ದೇಶದ ಮಾನಕದ ಪ್ರಕಾರ 40 ಡಿಗ್ರಿಯಲ್ಲಿ ಡೀಸೆಲ್ಲಿನ ಸ್ನಿಗ್ಧತೆ 2ರಿಂದ 4.5 ಸೆಂಟಿಸ್ಟೋಕ್ಸ್ ಇರಬೇಕು. 80 ಡಿಗ್ರಿ ಮುಟ್ಟುವ ಹೊತ್ತಿಗೆ ಅದು ಹೆಚ್ಚೂಕಡಿಮೆ ಅರ್ಧಕ್ಕಿಳಿಯುತ್ತದೆ. ಡೀಸೆಲ್ ಪಂಪಿನೊಳಗೆ, ಇಂಜೆಕ್ಟರಿನೊಳಗೆ ಒಂದರೊಳಗೊಂದು ಆಡುವ ಉಕ್ಕಿನ ಭಾಗಗಳ ನಡುವೆ ರಬ್ಬರಿನ ಸೀಲಿಲ್ಲ. ಎರಡು ಮೂರು ಮೈಕ್ರಾನ್ ಸಂದು ಮಾತ್ರ ಇರುತ್ತದೆ, ಅಂದರೆ ಕೂದಲೆಳೆಯ ಇಪ್ಪತ್ತನೇ ಒಂದು ಪಾಲು. ಆ ಸಂದಿನಲ್ಲಿ ನಿಂತ ಡೀಸೆಲ್ಲೇ ಅದಕ್ಕೆ ಸೀಲು. ಗಾಡಿ ಹೊಸದಿದ್ದಾಗ ಎಷ್ಟೇ ಕಾದರೂ ಸೀಲು ನಿಲ್ಲುತ್ತದೆ. ಲಕ್ಷಾಂತರ ಕಿಲೋಮೀಟರ್ ಓಡಿ ಸಂದು ಸವೆದಾಗ, ತಣ್ಣಗಿನ ಮಂದ ಡೀಸೆಲ್ ಇನ್ನೂ ಹೇಗೋ ತಡೆಯುತ್ತದೆ, ಕಾದ ತೆಳು ಡೀಸೆಲ್ ಸೋರಿಹೋಗುತ್ತದೆ.

ಸೋರಿದರೆ ಏನಾಯಿತು, ಗಾಡಿ ಓಡುವಾಗ ಚೆನ್ನಾಗಿಯೇ ಎಳೆಯುತ್ತದಲ್ಲ ಎಂದು ಕೇಳುವವರಿದ್ದಾರೆ. ಇದಕ್ಕೆ ಕಾಮನ್ ರೇಲ್ ಎಂಜಿನ್ನಿನ ಲೆಕ್ಕ ನೋಡಬೇಕು. ಪಂಪು ಡೀಸೆಲ್ಲನ್ನು ಒಂದು ದಪ್ಪ ಉಕ್ಕಿನ ಕೊಳವೆಗೆ, ಅಂದರೆ ರೇಲಿಗೆ, ತುಂಬಿ ಒತ್ತಡ ಏರಿಸುತ್ತದೆ. ಕಾರಿನ ಟೈರಿನ ಗಾಳಿ ಸುಮಾರು 2 ಬಾರ್ ಇದ್ದರೆ, ಇಲ್ಲಿ ಎಂಜಿನ್ ಸುಮ್ಮನೆ ನಿಂತು ಓಡುವಾಗಲೇ 250–300 ಬಾರ್, ಜೋರಾಗಿ ಎಳೆಯುವಾಗ 1600 ಬಾರ್ ಹಾಗೂ ಅದಕ್ಕೂ ಮಿಕ್ಕಿ. ಸೆಲ್ಫ್ ಹೊಡೆಯುವಾಗ ಈ ಒತ್ತಡ ಒಂದು ಗೊತ್ತಾದ ಮಟ್ಟ ಮುಟ್ಟದ ಹೊರತು ಗಾಡಿಯ ಕಂಪ್ಯೂಟರ್ ಇಂಜೆಕ್ಟರನ್ನು ತೆರೆಯುವುದೇ ಇಲ್ಲ. ಆ ಮಟ್ಟ ಕಂಪನಿಯಿಂದ ಕಂಪನಿಗೆ ಬೇರೆ. ಸಾಮಾನ್ಯವಾಗಿ 150ರಿಂದ 250 ಬಾರ್ ನಡುವೆ. ಸೆಲ್ಫಿನಲ್ಲಿ ಎಂಜಿನ್ ತಿರುಗುವುದು ನಿಮಿಷಕ್ಕೆ 200–250 ಸುತ್ತು ಮಾತ್ರ. ಅಷ್ಟು ನಿಧಾನದಲ್ಲಿ ಪಂಪು ತಳ್ಳುವ ಡೀಸೆಲ್ ಬಹಳ ಕಡಿಮೆ. ತಳ್ಳಿದಷ್ಟೂ ಸೋರಿಹೋದರೆ ಒತ್ತಡ ಏರುವುದೆಲ್ಲಿಂದ? ಒಮ್ಮೆ ಹೇಗಾದರೂ ಚಾಲೂ ಆಗಿ 2000 ಸುತ್ತು ಮುಟ್ಟಿದರೆ ಪಂಪು ಬೇಕಾದ್ದಕ್ಕಿಂತ ಹೆಚ್ಚು ಡೀಸೆಲ್ ಕೊಡುತ್ತದೆ, ಸೋರಿಕೆ ಮರೆಯಾಗುತ್ತದೆ. ನಾಲ್ಕು ಜನ ತಳ್ಳಿದರೆ ಚಾಲೂ ಆಗುವುದೂ ಅದಕ್ಕೇ. ತಳ್ಳಿದಾಗ ಎಂಜಿನ್ ಸೆಲ್ಫಿಗಿಂತ ಜೋರಾಗಿ ತಿರುಗುತ್ತದೆ.

ಇಲ್ಲೊಂದು ಹಳೆಯ ಪದ್ಧತಿಯ ಮಾತು ಹೇಳಲೇಬೇಕು. ಕಾದು ನಿಂತ ಗಾಡಿಯ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವುದನ್ನು ನಮ್ಮ ಕಡೆ ಹಿರಿಯ ಚಾಲಕರೆಲ್ಲ ಬಲ್ಲರು. ಪೆಟ್ರೋಲ್ ಅಂಬಾಸಡರ್, ಪದ್ಮಿನಿ ಕಾಲದಿಂದ ಬಂದ ಅಭ್ಯಾಸ ಅದು. ಪೆಟ್ರೋಲ್ ಬೇಗ ಆವಿಯಾಗುವ ಇಂಧನ. ಪಂಪಿನಲ್ಲಿ, ಪೈಪಿನಲ್ಲಿ ಆವಿ ಕಟ್ಟಿಕೊಂಡು ಹರಿವು ನಿಲ್ಲುತ್ತಿತ್ತು, ಒದ್ದೆ ಬಟ್ಟೆ ಆ ಆವಿಯನ್ನು ತಣಿಸಿ ಮತ್ತೆ ದ್ರವ ಮಾಡುತ್ತಿತ್ತು. ಡೀಸೆಲ್ ಕುದಿಯಲು ಶುರುವಾಗುವುದೇ 150 ಡಿಗ್ರಿಯ ಮೇಲೆ. ಆದ್ದರಿಂದ ಡೀಸೆಲ್ ಗಾಡಿಯಲ್ಲಿ ಆವಿಯ ಮಾತಿಲ್ಲ. ಆದರೂ ಒದ್ದೆ ಬಟ್ಟೆ ಕೆಲಸ ಮಾಡುತ್ತದೆ: ಪಂಪು ತಣ್ಣಗಾಗಿ, ಒಳಗಿನ ಡೀಸೆಲ್ ಮಂದವಾಗಿ, ಸವೆದ ಸಂದು ಮುಚ್ಚುತ್ತದೆ. ಅಂದರೆ ಪಂಪಿಗೆ ಹಾಕಿದ ಒದ್ದೆ ಬಟ್ಟೆಯಿಂದ ಗಾಡಿ ಚಾಲೂ ಆಯಿತೆಂದರೆ ಪಂಪಿನ ಒಳಭಾಗ ಸವೆದಿದೆ ಎಂದೇ ಬಲವಾದ ಅನುಮಾನ. ರೋಟರಿ ಪಂಪಿನ ಹಳೆಯ ಗಾಡಿಗಳಲ್ಲಿ ಇದು ಇಂದಿಗೂ ಒಳ್ಳೆಯ ಪರೀಕ್ಷೆ. ಮಿಸ್ತ್ರಿಗಳು ಹೆಡ್ಡು–ರೋಟರ್ ಹೋಗಿದೆ ಎನ್ನುವುದು ಇದಕ್ಕೇ. ಬಟ್ಟೆ ಹಾಕಿ ಚಾಲೂ ಮಾಡಿಕೊಂಡು ವರ್ಷಗಟ್ಟಲೆ ಓಡಿಸುವುದು ಮಾತ್ರ ಸರಿಯಲ್ಲ. ಬಿಂದಿಗೆ ನೀರನ್ನು ಒಮ್ಮೆಲೇ ಸುರಿಯುವುದು ಅದಕ್ಕಿಂತ ತಪ್ಪು. ಕಾದ ಲೋಹದ ಹೊರಮೈ ತಟ್ಟನೆ ಕುಗ್ಗಿದರೆ ಒಳಗಿನ ರೋಟರ್ ಹಿಡಿದುಕೊಳ್ಳಬಹುದು, ಪಕ್ಕದ ವೈರಿನ ಸಾಕೆಟ್ಟಿಗೆ ನೀರು ಹೊಕ್ಕರೆ ಹೊಸ ರೋಗ ಶುರುವಾಗುತ್ತದೆ. ಚೆನ್ನಾಗಿ ಹಿಂಡಿದ ಬಟ್ಟೆ ಸಾಕು.

ಡೀಸೆಲ್ ಪಂಪೆಂದರೆ ನಮ್ಮ ಮಿಸ್ತ್ರಿಗಳ ಬಾಯಲ್ಲಿ ಇಂದಿಗೂ ಮೈಕೋ ಪಂಪು. 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಆಡುಗೋಡಿಯ ಕಾರ್ಖಾನೆಯಿಂದ ದೇಶಕ್ಕೆಲ್ಲ ಪಂಪು, ನಾಝಲ್ ಕೊಟ್ಟ ಕಂಪನಿ ಅದು. 2008ರಲ್ಲಿ ಹೆಸರು ಬಾಷ್ ಎಂದಾಯಿತು, ಗ್ಯಾರೇಜಿನ ಮಾತು ಬದಲಾಗಲಿಲ್ಲ. ಮರ್ಸಿಡಿಸ್ ಕಂಪನಿಯ ಒಎಂ 616 ಎಂಜಿನ್ ಹೊತ್ತು ಬಂದ ಹಳೆಯ ಟ್ರ್ಯಾಕ್ಸ್, ಕ್ರೂಸರ್‌ಗಳ ಸಾಲು ಪಂಪನ್ನು ಇಲ್ಲಿನ ಮಿಸ್ತ್ರಿಗಳು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸಬಲ್ಲವರಾಗಿದ್ದರು. ಕಾಮನ್ ರೇಲ್ ಬಂದಾಗ ಆ ವಿದ್ಯೆಯ ಅರ್ಧ ಭಾಗ ನಿರುಪಯೋಗಿಯಾಯಿತು. ಬದಲಿಗೆ ಬೇಕಾದ ಸ್ಕ್ಯಾನರ್, ತರಬೇತಿ ತಾಲ್ಲೂಕು ಕೇಂದ್ರಗಳಿಗೆ ಸರಿಯಾಗಿ ಮುಟ್ಟಲಿಲ್ಲ. ಅಂದಾಜಿನ ರಿಪೇರಿ ಬೆಳೆದದ್ದು ಈ ಕಂದರದಲ್ಲಿ. ಅದಕ್ಕೆ ಮಿಸ್ತ್ರಿಯೊಬ್ಬನನ್ನೇ ದೂರುವುದು ನ್ಯಾಯವಲ್ಲ ಎಂದು ನನ್ನ ಭಾವನೆ.

ರಸ್ತೆ ಬದಿಯ ಪರೀಕ್ಷೆಗೆ ಬರೋಣ. ಗಾಡಿ ಹಟ ಹಿಡಿದ ಆ ಗಳಿಗೆಯಲ್ಲಿ ಮೊದಲು ಕಿವಿಗೊಡಬೇಕಾದದ್ದು ಸೆಲ್ಫಿನ ಸದ್ದಿಗೆ. ಬೆಳಗಿನಷ್ಟೇ ಚುರುಕಾಗಿ ತಿರುಗುತ್ತಿದೆಯೇ, ಎಳೆದೆಳೆದು ತಿರುಗುತ್ತಿದೆಯೇ? ಎಳೆಯುತ್ತಿದ್ದರೆ ಡೀಸೆಲ್ ಕಡೆ ನೋಡುವ ಮೊದಲು ಕರೆಂಟಿನ ಕಡೆ ನೋಡಬೇಕು. ತಾಮ್ರದ ತಂತಿ 50 ಡಿಗ್ರಿ ಹೆಚ್ಚು ಕಾದರೆ ಅದರ ತಡೆ ಶೇ. 20ರಷ್ಟು ಏರುತ್ತದೆ. ಕಾದ ಸೆಲ್ಫ್ ಮೋಟರ್, ಅದರ ಸವೆದ ಬುಶ್ಶು ಮತ್ತು ಕಾರ್ಬನ್, ಬಿಸಿಲಿಗೆ ನೀರು ಆರಿದ ಬ್ಯಾಟರಿ, ಸಿಮೆಂಟ್ ದೂಳು ಕೂತು ತುಕ್ಕು ಹಿಡಿದ ಅರ್ಥ್ ವೈರು, ಎಲ್ಲ ಸೇರಿ ಎಂಜಿನ್ ತಿರುಗುವ ವೇಗವನ್ನು ಇಳಿಸುತ್ತವೆ. ಮಲ್ಟಿಮೀಟರ್ ಇದ್ದರೆ ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಎರಡು ತುದಿಗೆ ಹಿಡಿದು ನೋಡಿ; 10 ವೋಲ್ಟಿಗಿಂತ ಕೆಳಗೆ ಇಳಿಯುತ್ತಿದ್ದರೆ ಬ್ಯಾಟರಿಯ ಮೇಲೆ ಅನುಮಾನ. ಬಳಿಕ ಬ್ಯಾಟರಿಯ ಮೈನಸ್ಸಿಗೂ ಎಂಜಿನ್ನಿನ ಮೈಗೂ ಹಿಡಿದು ಮತ್ತೆ ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟ್ ತೋರಿಸಿದರೂ ಅರ್ಥ್ ಕೆಟ್ಟಿದೆ ಎಂದೇ ಲೆಕ್ಕ. ವಾಡಿ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಸುತ್ತ ಓಡುವ ಗಾಡಿಗಳಲ್ಲಿ ಅರ್ಥ್ ವೈರು ಬಿಚ್ಚಿ ಉಜ್ಜಿ ಮತ್ತೆ ಬಿಗಿಯುವ ಕೆಲಸವನ್ನು ಮೊದಲು ಮಾಡಬೇಕು. ಅದಕ್ಕೆ ಖರ್ಚಿಲ್ಲ.

ಸೆಲ್ಫ್ ಚುರುಕಾಗಿದ್ದರೆ ಕಣ್ಣು ಎರಡು ಕಡೆ ಇರಲಿ. ಒಬ್ಬರು ಹಿಂದೆ ನಿಂತು ಸೈಲೆನ್ಸರ್ ನೋಡಲಿ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಸಿಲಿಂಡರಿಗೆ ಬೀಳುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ. ಆಗ ಟೈಮಿಂಗ್, ವಾಲ್ವಿನ ಸಂದು ನೋಡಬೇಕು. ವಾಲ್ವಿನ ಸಂದು ತೀರಾ ಬಿಗಿ ಇಟ್ಟಿದ್ದರೆ ಕಾದಾಗ ವಾಲ್ವ್ ಹಿಗ್ಗಿ ಪೂರ್ತಿ ಮುಚ್ಚದೆ ಕಂಪ್ರೆಶನ್ ಸೋರುತ್ತದೆ. ಹೊಗೆಯೇ ಇಲ್ಲವಾದರೆ ಡೀಸೆಲ್ ಒಳಗೆ ಬೀಳುತ್ತಲೇ ಇಲ್ಲ. ನಮ್ಮ ಬಿಸಿಲಿನ ರೋಗಿಗಳಲ್ಲಿ ಹೆಚ್ಚಿನವು ಈ ಎರಡನೆಯ ಗುಂಪಿನವು.

ಅದೇ ಹೊತ್ತಿಗೆ ಚಾಲಕರು ಮೀಟರ್ ನೋಡಲಿ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಮಿಸುಕುತ್ತದೆಯೇ? ತಣ್ಣಗಿದ್ದಾಗ ಮಿಸುಕುತ್ತಿದ್ದ ಮುಳ್ಳು ಕಾದಾಗ ಸತ್ತಂತೆ ಬಿದ್ದಿದ್ದರೆ ಕ್ರ್ಯಾಂಕ್ ಸೆನ್ಸರ್ ಹಿಡಿಯಿರಿ. ಎಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ತಿಳಿಸುವ ಪುಟ್ಟ ಭಾಗ ಅದು. ಹಲವು ಎಂಜಿನ್‌ಗಳಲ್ಲಿ ಅದರೊಳಗೆ ಕೂದಲಿನಷ್ಟು ತೆಳ್ಳನೆಯ ತಂತಿಯ ಸುರುಳಿ ಇರುತ್ತದೆ. ಎಲ್ಲೋ ಬಿರುಕು ಬಿಟ್ಟಿದ್ದರೆ ಕಾದಾಗ ಹಿಗ್ಗಿ ಸಂಪರ್ಕ ಕಡಿಯುತ್ತದೆ, ತಣ್ಣಗಾದಾಗ ಮತ್ತೆ ಕೂಡುತ್ತದೆ. ಸಂಪರ್ಕ ಕಡಿದರೆ ಕಂಪ್ಯೂಟರಿನ ಲೆಕ್ಕದಲ್ಲಿ ಎಂಜಿನ್ ನಿಂತೇ ಇದೆ, ಡೀಸೆಲ್ ಬಿಡುವುದಿಲ್ಲ. ಈ ರೋಗದ ಗಾಡಿ ಕೆಲವೊಮ್ಮೆ ಓಡುತ್ತಲೇ ತಟ್ಟನೆ ಬಂದ್ ಆಗುವುದೂ ಉಂಟು. ಸೆನ್ಸರ್ ಕೈಗೆ ಸಿಗುವ ಜಾಗದಲ್ಲಿದ್ದರೆ ಒದ್ದೆ ಬಟ್ಟೆಯ ಪರೀಕ್ಷೆಯನ್ನು ಅದರ ಮೇಲೂ ಮಾಡಬಹುದು. ಗ್ಯಾರೇಜಿನಲ್ಲಿ ಉಲ್ಟಾ ದಾರಿ ಇದೆ: ಎಂಜಿನ್ ತಣ್ಣಗಿರುವಾಗ ಸೆನ್ಸರ್ ಒಂದನ್ನೇ ಬಿಸಿಗಾಳಿಯ ಗನ್ನಿನಿಂದ ಹದವಾಗಿ ಕಾಯಿಸಿ ಸೆಲ್ಫ್ ಹೊಡೆಯುವುದು. ಚಾಲೂ ಆಗದಿದ್ದರೆ ಕಳ್ಳ ಸಿಕ್ಕ. ನಾಲ್ಕು ಇಂಜೆಕ್ಟರುಗಳ ಬೆಲೆಯ ಮುಂದೆ ಈ ಸೆನ್ಸರಿನ ಬೆಲೆ ಏನೂ ಅಲ್ಲ. ಹಳೆಯ ರೋಟರಿ ಪಂಪಿನ ಗಾಡಿಗಳಲ್ಲಿ ಸೆನ್ಸರಿನ ಬದಲು ಹೀಗೆ ಕಾಡುವುದು ಪಂಪಿಗೆ ಡೀಸೆಲ್ ಬಿಡುವ, ತಡೆಯುವ ಸ್ಟಾಪ್ ಸಾಲಿನಾಯ್ಡ್. ಕೀಲಿ ಆನ್ ಮಾಡಿದಾಗ ಪಂಪಿನ ಬಳಿ ಕಟಕ್ ಎನ್ನುವ ಸದ್ದು ತಣ್ಣಗಿದ್ದಾಗ ಕೇಳಿ, ಕಾದಾಗ ಕೇಳದಿದ್ದರೆ ಅದನ್ನೇ ಮೊದಲು ನೋಡಬೇಕು.

ಮುಳ್ಳು ಮಿಸುಕುತ್ತಿದೆ, ಸೆಲ್ಫ್ ಚುರುಕಾಗಿದೆ, ಹೊಗೆ ಇಲ್ಲ ಎಂದಾದರೆ ರೇಲ್ ಒತ್ತಡದ ಮೇಲೆ ಅನುಮಾನ. ಇದಕ್ಕೆ ಸ್ಕ್ಯಾನರ್ ಬೇಕು. ಬರೀ ಕೋಡ್ ಓದಿ ಬಿಡುವುದಲ್ಲ, ಕಾದ ಎಂಜಿನ್ನಿಗೆ ಸೆಲ್ಫ್ ಹೊಡೆಯುತ್ತ ಒತ್ತಡ ಎಷ್ಟಕ್ಕೆ ಏರುತ್ತದೆ ಎಂದು ಪರದೆಯಲ್ಲಿ ನೋಡಬೇಕು. ಏರದಿದ್ದರೆ ಸೋರಿಕೆ ಎಲ್ಲಿ ಎಂಬ ಪ್ರಶ್ನೆ. ಪ್ರತಿ ಇಂಜೆಕ್ಟರಿನಿಂದ ಒಂದು ಸಣ್ಣ ರಿಟರ್ನ್ ಪೈಪು ಹೊರಡುತ್ತದೆ. ಅವನ್ನು ಬಿಡಿಸಿ ನಾಲ್ಕಕ್ಕೂ ಒಂದೇ ಅಳತೆಯ ಬಾಟಲಿ ಕಟ್ಟಿ, ಎಂಜಿನ್ ಕಾದಿರುವಾಗಲೇ ಕೆಲವು ನಿಮಿಷ ಓಡಿಸಿ, ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಮೂರರಲ್ಲಿ ತಳ ಮುಚ್ಚುವಷ್ಟಿದ್ದು ಒಂದರಲ್ಲಿ ಅದರ ಎರಡು ಮೂರು ಪಟ್ಟು ತುಂಬಿದ್ದರೆ ಆ ಒಂದೇ ಇಂಜೆಕ್ಟರ್ ಅಪರಾಧಿ. ನಾಲ್ಕನ್ನೂ ಬದಲಿಸಬೇಕೆನ್ನುವವರಿಗೆ ಆ ಬಾಟಲಿಗಳನ್ನು ತೋರಿಸಿ ಕೇಳುವ ಹಕ್ಕು ಗಾಡಿಯ ಒಡೆಯನಿಗಿದೆ. ನಾಲ್ಕೂ ಸಮವಾಗಿ, ಕಡಿಮೆ ಇದ್ದರೆ ಮಾತ್ರ ರೇಲಿನ ತುದಿಯ ಒತ್ತಡದ ವಾಲ್ವು, ಪಂಪಿನ ಮೀಟರಿಂಗ್ ವಾಲ್ವು, ಕೊನೆಗೆ ಪಂಪಿನ ಕಡೆ ಹೋಗಬೇಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಹಳೆಯ ಗಾಡಿಯಲ್ಲಿ ಏರ್ ತೆಗೆಯಲು ಇಂಜೆಕ್ಟರಿನ ನಟ್ಟು ಸಡಿಲಿಸಿ ಸೆಲ್ಫ್ ಹೊಡೆಯುವ ರೂಢಿ ಇದೆ. ಕಾಮನ್ ರೇಲ್ ಗಾಡಿಯ ಉಕ್ಕಿನ ಪೈಪನ್ನು ಹಾಗೆ ಎಂದೂ ಸಡಿಲಿಸಬಾರದು. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಮೈಯೊಳಗೆ ಹೊಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಗುರುತು ಮಾತ್ರ ಕಂಡರೂ ಒಳಗೆ ಮಾಂಸ ಕೊಳೆಯುತ್ತದೆ, ಬೆರಳು, ಕೈ ಕಳೆದುಕೊಂಡವರಿದ್ದಾರೆ. ಅಂಥ ಗಾಯವಾದರೆ ನೋವಿಲ್ಲವೆಂದು ಕೂರದೆ ತಕ್ಷಣ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಓಡಬೇಕು.

ಹುಷಾರಾಗಿರಬೇಕಾದ ಇನ್ನೊಂದು ಕೈಚಳಕವಿದೆ. ನೀರಿನ ಬಿಸಿ ಅಳೆಯುವ ಸೆನ್ಸರಿನ ಪ್ಲಗ್ ಕಿತ್ತು ಸೆಲ್ಫ್ ಹೊಡೆದರೆ ಎಷ್ಟೋ ಗಾಡಿಗಳು ಚಾಲೂ ಆಗುತ್ತವೆ, "ಸೆನ್ಸರ್ ಹೋಗಿದೆ" ಎಂದು ಹೊಸದು ಹಾಕುತ್ತಾರೆ. ನಡೆಯುವುದು ಬೇರೆ. ಪ್ಲಗ್ ಕಿತ್ತಾಗ ಕಂಪ್ಯೂಟರ್ ಎಂಜಿನ್ ತಣ್ಣಗಿದೆ ಎಂದು ಊಹಿಸಿ ಹೆಚ್ಚು ಡೀಸೆಲ್ ಬಿಡುತ್ತದೆ. ಆ ಹೆಚ್ಚುವರಿಯಿಂದ ಸೆಲ್ಫಿನ ನಿಧಾನವೋ ಪಂಪಿನ ಸವೆತವೋ ತಾತ್ಕಾಲಿಕವಾಗಿ ಮುಚ್ಚಿಹೋಗುತ್ತದೆ. ಸೆನ್ಸರ್ ನಿಜಕ್ಕೂ ಸುಳ್ಳು ಹೇಳುತ್ತಿದೆಯೇ ಎಂದು ಸ್ಕ್ಯಾನರಿನಲ್ಲಿ ಅದು ತೋರಿಸುವ ಡಿಗ್ರಿ ನೋಡಿ ನಿರ್ಧರಿಸಬೇಕು.

ಸವೆತ ಇಷ್ಟು ಬೇಗ ಬರುವುದೇಕೆ ಎಂದರೆ ಡೀಸೆಲ್ಲಿನ ಶುದ್ಧತೆಯ ಪ್ರಶ್ನೆ ಏಳುತ್ತದೆ. ಪಂಪಿಗೂ ಇಂಜೆಕ್ಟರಿಗೂ ಡೀಸೆಲ್ ಬಿಟ್ಟರೆ ಬೇರೆ ಎಣ್ಣೆಯಿಲ್ಲ, ಜಾರುವ ಗುಣವೂ ಅದರಿಂದಲೇ ಬರಬೇಕು. ಕಡಿಮೆಗೆ ಸಿಕ್ಕಿತೆಂದು ಡ್ರಮ್ಮಿನಿಂದ ತುಂಬಿಸಿಕೊಂಡ ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆತಿದ್ದರೆ ಅದು ತೆಳು, ಜಾರಿಕೆಯೂ ಕಡಿಮೆ. ಎರಡು ಮೈಕ್ರಾನ್ ಸಂದಿಗೆ ಅದು ವಿಷ. ಗಣಿಯ ದೂಳಿನಲ್ಲಿ ಟ್ಯಾಂಕಿನ ಮುಚ್ಚಳ ತೆರೆದು ಕ್ಯಾನಿನಿಂದ ಸುರಿಯುವಾಗ ಒಂದು ಚಿಟಿಕೆ ಫರಸಿ ಪುಡಿ ಒಳಗೆ ಹೋದರೂ ಫಿಲ್ಟರಿನ ಆಯಸ್ಸು ಅಷ್ಟು ಕಮ್ಮಿ. ಡೀಸೆಲ್ ಫಿಲ್ಟರಿನ ತಳದ ನೀರನ್ನು ಆಗಾಗ ಇಳಿಸುವುದು, ಪುಸ್ತಕದಲ್ಲಿ ಬರೆದ ಕಿಲೋಮೀಟರಿಗಿಂತ ಮೊದಲೇ ಫಿಲ್ಟರ್ ಬದಲಿಸುವುದು ಈ ಸೀಮೆಯ ಗಾಡಿಗಳಿಗೆ ಅಗತ್ಯ. ಕುಂಚಾವರಂ ಕಾಡಿನ ಏರಿನಲ್ಲಿ ಗಾಡಿ ಉಸಿರು ಕಟ್ಟಿದಂತೆ ಎಳೆಯತೊಡಗಿದರೆ ಫಿಲ್ಟರ್ ಕಟ್ಟಿದ ಸೂಚನೆ ಅದು, ಅದನ್ನು ಕಡೆಗಣಿಸಬಾರದು.

ಇಂಜೆಕ್ಟರ್ ಬದಲಿಸಲೇಬೇಕಾಗಿ ಬಂದರೆ ಒಂದು ಮಾತು ನೆನಪಿರಲಿ. ಹೆಚ್ಚಿನ ಕಾಮನ್ ರೇಲ್ ಇಂಜೆಕ್ಟರಿನ ತಲೆಯ ಮೇಲೆ ಅಕ್ಷರ–ಅಂಕಿಗಳ ಒಂದು ಕೋಡ್ ಕೊರೆದಿರುತ್ತದೆ. ಆ ಕೋಡನ್ನು ಸ್ಕ್ಯಾನರಿನಿಂದ ಗಾಡಿಯ ಕಂಪ್ಯೂಟರಿಗೆ ಬರೆಯಿಸದಿದ್ದರೆ ಹೊಸ ಇಂಜೆಕ್ಟರೂ ಸರಿಯಾಗಿ ಅಳೆದು ಬಿಡುವುದಿಲ್ಲ. ತೆಗೆದ ಹಳೆಯ ಸಾಮಾನನ್ನು ಕೇಳಿ ಇಸಿದುಕೊಳ್ಳಿ, ಟೆಸ್ಟ್ ಬೆಂಚಿನ ಮೇಲೆ ನೋಡಿದ್ದರೆ ಅದರ ಚೀಟಿಯನ್ನೂ ಇಸಿದುಕೊಳ್ಳಿ. ಹಣ ಎಣಿಸಿ ಕೊಡುವ ಮೊದಲು ಗಾಡಿಯನ್ನು ಮಧ್ಯಾಹ್ನದ ಬಿಸಿಲಲ್ಲಿ ಶಹಾಬಾದ್ ರಸ್ತೆಯಲ್ಲಿ ಚೆನ್ನಾಗಿ ಓಡಿಸಿ ತನ್ನಿ. ಗ್ಯಾರೇಜಿನ ಮುಂದೆ ಇಪ್ಪತ್ತು ನಿಮಿಷ ಬಾನೆಟ್ ತೆರೆಯದೆ ನಿಲ್ಲಿಸಿ, ಮಿಸ್ತ್ರಿಯ ಕೈಯಿಂದಲೇ ಸೆಲ್ಫ್ ಹೊಡೆಸಿ ನೋಡಿ.